ಡಿಗ್ರಿ ಕಾಲೇಜಿನಲ್ಲಿ ಮಾತಿನ ಸಂಶೋಧನೆ: ಕಾಗಿಣಾ ತೀರದಿಂದ ಒಂದು ಸಮೀಕ್ಷೆ

ಬಿಎ, ಬಿಎಸ್ಸಿ ಓದುತ್ತಿರುವ ಹುಡುಗ ಹುಡುಗಿಯರ ಕೈಗೆ ಭಾಷಾ ಸಂಶೋಧನೆಯನ್ನು ಕೊಡಬಹುದೇ? ಕೊಟ್ಟರೆ ಅವರ ಜೊತೆ ನಿಂತು ಕಲಿಸುವವರು ಯಾರು? ಆ ಕಲಿಕೆ ಯಾವ ಬಗೆಯದಾಗಿರಬೇಕು? ಪುಣೆ, ಮೈಸೂರು, ಬೆಂಗಳೂರಿನ ಸಂಸ್ಥೆಗಳಲ್ಲಿ ಇದು ಹಲವು ದಶಕಗಳ ಚರ್ಚೆ. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲಿ ನಿಂತು ಇದನ್ನು ಕೇಳಿದವರು ಕಡಿಮೆ. ಇಲ್ಲಿ ನಿಂತು ಕೇಳಿದಾಗ ಪ್ರಶ್ನೆಯ ಮುಖವೇ ಬದಲಾಗುತ್ತದೆ. ದೊಡ್ಡ ಸಂಸ್ಥೆಗಳಿರುವ ಊರಿನಲ್ಲಿ ಗೈಡು, ಗ್ರಂಥಾಲಯ, ಧ್ವನಿಮುದ್ರಣದ ಕೋಣೆ ಎಲ್ಲವೂ ಇವೆ, ಸಂಶೋಧಿಸಬೇಕಾದ ಮಾತಿಗಾಗಿ ಮಾತ್ರ ರೈಲು ಹತ್ತಬೇಕು. ಇಲ್ಲಿ ಮಾತು ಮನೆಯಂಗಳದಲ್ಲೇ ಇದೆ, ಉಳಿದೆಲ್ಲಕ್ಕೂ ರೈಲು ಹತ್ತಬೇಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯನ್ನು ಕಲಿಸಬೇಕು, ಕಲಿಸಲು ಸಾಧ್ಯ. ಆದರೆ ಅವರನ್ನು ಮಾಹಿತಿ ಹೊತ್ತು ತರುವ ಆಳುಗಳನ್ನಾಗಿ ಬಳಸಿಕೊಂಡರೆ ಅದು ಕಲಿಸಿದಂತಲ್ಲ. ಏನನ್ನು ಕೇಳಬೇಕು ಎಂಬುದು ಅವರದೇ ಆಗಬೇಕು. ಈ ಚರ್ಚೆಯಲ್ಲಿ ಬಂದಿರುವ ಬೇರೆ ಬೇರೆ ವಿಚಾರಧಾರೆಗಳನ್ನು ಇದೇ ಅಳತೆಗೆ ಹಿಡಿದು ನೋಡಿದ್ದೇನೆ.

ಇಲ್ಲಿನ ಮಾತು ಎಂಥದು

ಮುಲ್ಲಾಮಾರಿ ಚಿಂಚೋಳಿಯ ಕಡೆಯಿಂದ ಹರಿದು ಬಂದು ಕಾಗಿಣಾ ಸೇರುತ್ತದೆ. ಕಾಗಿಣಾ ಮಳಖೇಡವನ್ನು ದಾಟಿ ಶಹಾಬಾದಿನ ಕಡೆಗೆ ಹರಿದು ಭೀಮೆಯನ್ನು ಕೂಡುತ್ತದೆ. ಈ ನದಿಗಳ ಸೀಮೆಯಲ್ಲಿ ಒಂದೇ ಭಾಷೆಯ ಊರು ಸಿಗುವುದು ಅಪರೂಪ. ಸೇಡಂ, ಚಿಂಚೋಳಿ ತಾಲ್ಲೂಕುಗಳ ಮೂಡಣ ಗಡಿ ದಾಟಿದರೆ ತೆಲಂಗಾಣ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು. ನಕಾಶೆಯ ಗೆರೆ ಸರಿಯಿತು, ನೆಂಟಸ್ತನ ಸರಿಯಲಿಲ್ಲ. ತೆಲುಗು ಸೊಸೆಯೂ ಕನ್ನಡ ಅತ್ತೆಯೂ ಒಂದೇ ಒಲೆಯ ಮುಂದೆ ಕೂರುವ ಮನೆಗಳು ಈ ಅಂಚಿನಲ್ಲಿ ಇಂದಿಗೂ ಇವೆ.

1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮನ ಹೈದರಾಬಾದ್ ಸಂಸ್ಥಾನ. ಕಚೇರಿಯಲ್ಲೂ ಶಾಲೆಯಲ್ಲೂ ಉರ್ದು. ಅದಕ್ಕೂ ಬಹಳ ಹಿಂದಿನಿಂದ, ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಕಾಲದಿಂದ, ದಖನಿ ಇಲ್ಲಿನ ಸಂತೆಯ ಮಾತು, ದರ್ಗಾದ ಮಾತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ಬಿತ್ತು. ಆಮೇಲೆ ಸುಣ್ಣದಕಲ್ಲಿನ ನೆಲ ಸಿಮೆಂಟು ಕಾರ್ಖಾನೆಗಳನ್ನು ಕರೆತಂದಿತು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಯಿತು. ಗಣಿ, ಗಾಡಿ, ಕಾರ್ಖಾನೆಯ ಜೊತೆಗೆ ಮರಾಠಿ ಬಂತು, ಹಿಂದಿ ಬಂತು. ಚಿಂಚೋಳಿಯ ಗುಡ್ಡಗಳ ತಾಂಡಾಗಳಲ್ಲಿ ಲಂಬಾಣಿ ಮೊದಲಿನಿಂದಲೂ ಇದೆ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನ ಲಮಾಣಿ–ಲಂಬಾಡಿಯನ್ನು ತಾಯ್ನುಡಿಯೆಂದು ಬರೆಸಿದರು. ಗಣತಿಯ ಪಟ್ಟಿ ಅವರನ್ನೆಲ್ಲ ಹಿಂದಿಯ ಕೆಳಗೆ ಸೇರಿಸಿತು. ಹಿಂದಿಯನ್ನು ಶಾಲೆಯಲ್ಲಿ ಮೂರನೆಯ ಭಾಷೆಯಾಗಿ ಕಷ್ಟಪಟ್ಟು ಕಲಿತ ತಾಂಡಾದ ಹುಡುಗಿ ಸರ್ಕಾರದ ಲೆಕ್ಕದಲ್ಲಿ ಹಿಂದಿಯವಳು. ಅವಳ ಮೊದಲ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಹೊರಗಿನಿಂದ ತಂದು ಕೊಡುವ ಅಗತ್ಯವಿಲ್ಲ.

ಘಟಿಕಾಸ್ಥಾನದಿಂದ ಬೇಸಿಗೆ ಶಾಲೆಯವರೆಗೆ

ಕಲಿಯುವವರನ್ನು ಸಾಕಿ ಓದಿಸುವ ಪದ್ಧತಿ ಈ ಸೀಮೆಗೆ ಹೊಸತಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 11ನೆಯ ಶತಮಾನದಲ್ಲಿ ಘಟಿಕಾಸ್ಥಾನವೆಂಬ ದೊಡ್ಡ ವಿದ್ಯಾಕೇಂದ್ರ ಇತ್ತು. ಕಲ್ಯಾಣ ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ 1058ರ ಶಾಸನ ಅಲ್ಲಿನ ವೇದ–ಶಾಸ್ತ್ರಗಳ ವಿದ್ಯಾರ್ಥಿಗಳನ್ನು, ಅಧ್ಯಾಪಕರನ್ನು, ಗ್ರಂಥಭಂಡಾರವನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರನ್ನು ಬೇರೆ ಬೇರೆಯಾಗಿ ಹೆಸರಿಸಿ ಅವರ ಜೀವನಕ್ಕೆ ದತ್ತಿಯನ್ನು ಹೇಳುತ್ತದೆ. ಅಲ್ಲಿ ಕಲಿಸಿದ್ದು ಎಲ್ಲರಿಗೂ ಅಲ್ಲ, ಎಲ್ಲವನ್ನೂ ಅಲ್ಲ. ಆದರೂ ಕಲಿಕೆಗೆ ಗುರು, ಪುಸ್ತಕ, ಅನ್ನ ಮೂರೂ ಒಟ್ಟಿಗೆ ಬೇಕೆಂದು ಆ ಕಾಲದವರಿಗೆ ಗೊತ್ತಿತ್ತು.

ಮಾತನ್ನು ಗಮನಿಸುವ ಪರಂಪರೆ ಇನ್ನೂ ಹಳೆಯದು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿಯ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡದ ಒಳಭೇದಗಳು ಎಷ್ಟಿವೆಯೆಂದರೆ ವಾಸುಕಿಯೂ ಅರಿಯಲಾರದೆ ಬೇಸರಪಡುತ್ತಾನೆ ಎನ್ನುವ ಮಾತು ಅದರಲ್ಲಿದೆ. ಅದೇ ಗ್ರಂಥ ತಿರುಳ್ಗನ್ನಡದ ನಾಡನ್ನು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸುತ್ತದೆ. ರಾಜಧಾನಿಯಾದ ಮಾನ್ಯಖೇಟ ಆ ಚೌಕದ ಹೊರಗೆ ಉಳಿಯಿತು. ‘ಶುದ್ಧ ಕನ್ನಡ’ ಎಲ್ಲೋ ಬೇರೆ ಕಡೆ ಇದೆ, ನಮ್ಮದು ಅದರ ಅಂಚು ಎಂಬ ಭಾವ ಈ ಸೀಮೆಯ ಓದುಗರ ಮನಸ್ಸಿನಲ್ಲಿ ಎಷ್ಟು ಹಳೆಯದೆಂದು ನೆನೆದರೆ ಮೈ ಜುಂ ಎನ್ನುತ್ತದೆ.

ಆಧುನಿಕ ಕಾಲದಲ್ಲೂ ಈ ಸೀಮೆ ಅಂಚಿಗೇ ಸರಿಯಿತು. ಗ್ರಿಯರ್ಸನ್ನನ ಭಾರತೀಯ ಭಾಷಾ ಸಮೀಕ್ಷೆಯ ದ್ರಾವಿಡ ಸಂಪುಟ 1906ರಲ್ಲಿ ಬಂದಾಗ ಮದರಾಸು ಪ್ರಾಂತ್ಯ, ಮೈಸೂರು, ಹೈದರಾಬಾದ್ ಸಂಸ್ಥಾನಗಳು ಸಮೀಕ್ಷೆಯ ವ್ಯಾಪ್ತಿಯಿಂದ ಹೊರಗಿದ್ದವು. ಮುಂಬೈ ಪ್ರಾಂತ್ಯದ ಕನ್ನಡಕ್ಕೆ ಸಿಕ್ಕ ಜಾಗ ಗುಲಬರ್ಗಾದ ಕನ್ನಡಕ್ಕೆ ಸಿಗಲಿಲ್ಲ.

ಪರಿಸ್ಥಿತಿ ಬದಲಾದದ್ದು ಪುಣೆಯಿಂದ. 1954ರಲ್ಲಿ ಎಸ್.ಎಂ. ಕತ್ರೆಯವರ ನೇತೃತ್ವದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಡೆಕ್ಕನ್ ಕಾಲೇಜು ಭಾಷಾವಿಜ್ಞಾನದ ತರಬೇತಿ ಶಾಲೆಗಳನ್ನು ಶುರುಮಾಡಿತು. ದೇಶದ ನಾನಾ ಕಡೆಯ ತರುಣ ಅಧ್ಯಾಪಕರು ಬೇಸಿಗೆ ರಜೆಯಲ್ಲಿ ಬಂದು, ಭಾಷಿಕನೊಬ್ಬನನ್ನು ಎದುರಿಗೆ ಕೂರಿಸಿಕೊಂಡು, ಅವನ ಬಾಯಿಯ ಧ್ವನಿಗಳನ್ನು ಚೀಟಿಗಳ ಮೇಲೆ ಬರೆದು ವಿಂಗಡಿಸುವುದನ್ನು ಕಲಿತರು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವಿವರಣೆ 1958ರಲ್ಲಿ ಬಂತು. ಡೆಕ್ಕನ್ ಕಾಲೇಜಿನಿಂದಲೇ ಕನ್ನಡದ ಒಳನುಡಿಗಳ ಮೇಲೆ ಒಂದರ ಹಿಂದೊಂದು ಪುಸ್ತಕಗಳು ಬಂದವು: ಹಾಲಕ್ಕಿ ಕನ್ನಡ, ನಂಜನಗೂಡು ಕನ್ನಡ, ಮತ್ತು 1968ರಲ್ಲಿ ಆರ್. ಮಹಾದೇವನ್ ಅವರ ‘ಗುಲ್ಬರ್ಗಾ ಕನ್ನಡ’. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ತಪ್ಪಿಹೋದದ್ದಕ್ಕೆ ಇಷ್ಟು ತಡವಾಗಿಯಾದರೂ ಒಂದು ಗ್ರಂಥ ಸಿಕ್ಕಿತು. ಆದರೆ ಅದು ಇಂಗ್ಲಿಷಿನಲ್ಲಿತ್ತು, ಪುಣೆಯಲ್ಲಿ ಅಚ್ಚಾಗಿತ್ತು, ಧ್ವನಿಲಿಪಿಯಿಂದ ತುಂಬಿತ್ತು. ಯಾರ ಮಾತಿನ ಬಗ್ಗೆ ಬರೆದಿದ್ದರೋ ಅವರ ಮಕ್ಕಳು ಅದನ್ನು ಓದುವಂತಿರಲಿಲ್ಲ.

ಇಷ್ಟರಲ್ಲಿ ಮೈಸೂರಿನಲ್ಲಿ ಎರಡು ಸಂಸ್ಥೆಗಳು ಹುಟ್ಟಿದ್ದವು ಇಲ್ಲವೇ ಹುಟ್ಟುವುದರಲ್ಲಿದ್ದವು. ಮಾತು–ಶ್ರವಣ ದೋಷಗಳ ಚಿಕಿತ್ಸೆ ಮತ್ತು ಸಂಶೋಧನೆಗಾಗಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಾವೆಲ್ಲ ‘ಆಯಿಷ್’ ಎನ್ನುವುದು. 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ. ಕಲಬುರಗಿಗೆ 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು, 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಆಯಿಷ್‌ನ ಪದವಿಯನ್ನು ಬಿಟ್ಟರೆ ಇವು ಹೆಚ್ಚಾಗಿ ಎಂಎ ಮತ್ತು ಅದರಾಚೆಗಿನ ಮನೆಗಳು. ಸೇಡಂ ಅಥವಾ ಚಿಂಚೋಳಿಯ ಡಿಗ್ರಿ ವಿದ್ಯಾರ್ಥಿಗೆ ಭಾಷಾವಿಜ್ಞಾನವೆಂದರೆ ಹೆಚ್ಚೆಂದರೆ ಐಚ್ಛಿಕ ಕನ್ನಡದ ಒಂದು ಪತ್ರಿಕೆ. ಅದರಲ್ಲಿ ದ್ರಾವಿಡ ಭಾಷೆಗಳ ಪಟ್ಟಿ, ಧ್ವನ್ಯಂಗಗಳ ಚಿತ್ರ, ಪರೀಕ್ಷೆಗೆ ಹತ್ತು ಅಂಕದ ಟಿಪ್ಪಣಿ.

ಮೊದಲು ಪಾಠ, ಆಮೇಲೆ ಶೋಧ

ಡಿಗ್ರಿಯಲ್ಲಿ ಪಾಠವಷ್ಟೇ ಇರುವ ಈ ವ್ಯವಸ್ಥೆಯಲ್ಲಿ ಒಂದು ವಿಚಾರಧಾರೆಗೆ ತಪ್ಪೇನೂ ಕಾಣುವುದಿಲ್ಲ. ಅಡಿಪಾಯವಿಲ್ಲದೆ ಸಂಶೋಧನೆ ಮಾಡಿಸಿದರೆ ನಕಲು ಪ್ರಬಂಧ ಬರುತ್ತದೆ, ಧ್ವನಿಮಾ–ಉಪಧ್ವನಿಯ ಅಂತರ ತಿಳಿಯದವರು ಮಾತನ್ನು ದಾಖಲಿಸಿದರೆ ಆ ದಾಖಲೆ ಯಾರ ಉಪಯೋಗಕ್ಕೂ ಬರುವುದಿಲ್ಲ ಎಂದು ಅವರು ಹೇಳುತ್ತಾರೆ. ಡಿಗ್ರಿಯ ಕೊನೆಯ ಸೆಮಿಸ್ಟರ್‌ನ ‘ಪ್ರಾಜೆಕ್ಟ್’ ಹೆಸರಿನಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಆಗಿ ಬರುವ ಹಾಳೆಗಳನ್ನು ನೋಡಿದವರು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು.

ಆದರೂ ಈ ವಾದ ಒಂದನ್ನು ವಿವರಿಸುವುದಿಲ್ಲ. ಮೂರು ವರ್ಷ ಪಾಠ ಕೇಳಿದವರು ಎಂಎಗೆ ಬಂದಾಗಲೂ ಪ್ರಶ್ನೆ ಕೇಳಲು ಹಿಂಜರಿಯುವುದೇಕೆ? ಈಜುವುದನ್ನು ದಡದಲ್ಲಿ ಕೂತು ಕಲಿಯಲಾಗದಷ್ಟೇ ಸಹಜವಾಗಿ, ಸಂಶೋಧನೆಯ ಅಡಿಪಾಯವೂ ಸಂಶೋಧನೆಯಲ್ಲೇ ಬೀಳುತ್ತದೆ. ಇನ್ನೊಂದು ಲೆಕ್ಕವೂ ಇದೆ. ಈ ಊರುಗಳ ಎಷ್ಟೋ ಹೆಣ್ಣುಮಕ್ಕಳಿಗೆ ಡಿಗ್ರಿಯೇ ಕೊನೆಯ ಓದು. ‘ಎಂಎಗೆ ಬಂದಾಗ ನೋಡೋಣ’ ಎಂದರೆ ಅವರ ಪಾಲಿಗೆ ‘ಎಂದೂ ಬೇಡ’ ಎಂದಂತೆ.

ಜೊತೆಗಿದ್ದು ಕಲಿಯುವುದು

ಎರಡನೆಯ ಧಾರೆ ಪ್ರಯೋಗಾಲಯದ್ದು. ಅಮೆರಿಕದ ಎಂಐಟಿಯಲ್ಲಿ 1969ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಪದವಿ ವಿದ್ಯಾರ್ಥಿಗಳನ್ನು ನೇರವಾಗಿ ಪ್ರಾಧ್ಯಾಪಕರ ಸಂಶೋಧನೆಗೆ ಸೇರಿಸುವ ಕಾರ್ಯಕ್ರಮ ಆರಂಭಿಸಿದರು. ಅದು ಜಗತ್ತಿನ ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಮಾದರಿಯಾಯಿತು. ವಿದ್ಯಾರ್ಥಿ ಹಿರಿಯರ ಪಕ್ಕದಲ್ಲಿ ನಿಂತು ಸಣ್ಣ ಕೆಲಸದಿಂದ ದೊಡ್ಡ ಕೆಲಸಕ್ಕೆ ಏರುತ್ತಾನೆ.

ಭಾಷೆಯ ಕ್ಷೇತ್ರದಲ್ಲಿ ಇದರ ಅತ್ಯುತ್ತಮ ಉದಾಹರಣೆ ವಿಲಿಯಂ ಲಬೋವ್ ಅವರ ಫಿಲಡೆಲ್ಫಿಯಾ ತರಗತಿ. 1970ರ ದಶಕದಿಂದ ಆರಂಭಿಸಿ ಅವರ ವಿದ್ಯಾರ್ಥಿಗಳು ಗುಂಪುಗಳಾಗಿ ನಗರದ ಒಂದೊಂದು ಬಡಾವಣೆಗೆ ಹೋಗಿ ಜನರ ಮಾತನ್ನು ಧ್ವನಿಮುದ್ರಿಸಿ ತಂದರು. ಅದು ಕೋರ್ಸಿನ ಅಸೈನ್‌ಮೆಂಟು. ಆದರೆ ಟೇಪುಗಳನ್ನು ಎಸೆಯಲಿಲ್ಲ. 2013ರಲ್ಲಿ ಲಬೋವ್ ಮತ್ತು ಸಂಗಡಿಗರು ಆ ನಗರದ ಒಂದು ಶತಮಾನದ ಧ್ವನಿ ಬದಲಾವಣೆಯನ್ನು ತೋರಿಸುವ ಲೇಖನ ಪ್ರಕಟಿಸಿದಾಗ ಅದರ ಅಡಿಯಲ್ಲಿದ್ದದ್ದು ದಶಕಗಳ ವಿದ್ಯಾರ್ಥಿಗಳ ಈ ಕೆಲಸ. ನಮ್ಮ ಕನ್ನಡ ವಿಭಾಗಗಳಲ್ಲೂ ಜಾನಪದ ಪತ್ರಿಕೆಗಾಗಿ ವಿದ್ಯಾರ್ಥಿಗಳು ಅಜ್ಜಿಯರಿಂದ ಹಾಡು, ಒಗಟು, ಗಾದೆ ಬರೆದು ತಂದಿದ್ದಾರೆ. ಅಂಕ ಹಾಕಿದ ಮೇಲೆ ಆ ನೋಟ್‌ಬುಕ್ಕುಗಳಲ್ಲಿ ಬಹುಪಾಲು ರದ್ದಿಯಾದವು. ಹಾಡಿದವರು ಈಗ ಇಲ್ಲ.

ಆಯಿಷ್ ಮಾದರಿ ಇದೇ ಧಾರೆಯ ಇನ್ನೊಂದು ಕವಲು. ಮಾತು–ಶ್ರವಣ ಚಿಕಿತ್ಸೆಯ ಪದವಿಯಲ್ಲಿ ಮೂರು ವರ್ಷ ತರಗತಿ, ಜೊತೆಗೇ ಕ್ಲಿನಿಕ್ಕು, ಕೊನೆಗೆ ಒಂದು ವರ್ಷ ಇಂಟರ್ನ್‌ಶಿಪ್. ಮೇಲ್ವಿಚಾರಕರ ಕಣ್ಣೆದುರಿಗೇ ವಿದ್ಯಾರ್ಥಿ ಮಗುವನ್ನು ಮಾತಾಡಿಸುತ್ತಾಳೆ, ತಪ್ಪಿದ ಕಡೆ ಅಲ್ಲೇ ತಿದ್ದಿಸಿಕೊಳ್ಳುತ್ತಾಳೆ. ಕನ್ನಡ ಮಕ್ಕಳ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆಗಳು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗಾಗಿ ಪ್ರತಿಭಾ ಕಾರಂತರು ರೂಪಿಸಿದ ಕನ್ನಡ ಭಾಷಾ ಪರೀಕ್ಷೆ ಇವೆಲ್ಲ ಇಂಥ ಕ್ಲಿನಿಕ್ಕುಗಳ ಅಗತ್ಯದಿಂದ ಹುಟ್ಟಿದವು. ಬೆಂಗಳೂರಿನಲ್ಲಿ ಸೋನಾಲಿ ನಾಗ್ ಕನ್ನಡ ಮಕ್ಕಳು ಅಕ್ಷರಗಳನ್ನು ಕಲಿಯುವ ವೇಗದ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲಿಷ್ ಮಕ್ಕಳ ಅಳತೆಗೋಲು ನಮ್ಮ ಲಿಪಿಗೆ ಒಗ್ಗುವುದಿಲ್ಲ, ನಮ್ಮಲ್ಲಿ ಅಕ್ಷರಗಳ ಸಂಖ್ಯೆಯೇ ಹೆಚ್ಚಾದ್ದರಿಂದ ಕಲಿಕೆ ಹಲವು ವರ್ಷ ಚಾಚುತ್ತದೆ ಎಂದು ತೋರಿಸಿತು.

ಇಂಥ ಕೆಲಸದ ಬೆಲೆ ಚಿಂಚೋಳಿಗೆ ಬಂದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. ತಾಂಡಾದಿಂದ ಬಂದ ಆರು ವರ್ಷದ ಮಗು ಶಾಲೆಯಲ್ಲಿ ಕನ್ನಡದ ಚಿತ್ರಕ್ಕೆ ಹೆಸರು ಹೇಳುವುದಿಲ್ಲ. ಇದು ಮಾತು ಬೆಳೆಯದಿರುವ ಲಕ್ಷಣವೇ, ಅಥವಾ ಮನೆಯಲ್ಲಿ ಲಂಬಾಣಿಯಾಡುವ ಮಗುವಿಗೆ ಕನ್ನಡ ಇನ್ನೂ ಹೊಸತೇ? ಮೈಸೂರಿನ ಅಥವಾ ಬೆಂಗಳೂರಿನ ಮಕ್ಕಳ ಮಾತಿನ ಮೇಲೆ ನಿಂತ ಅಳತೆ ಇದಕ್ಕೆ ನೇರ ಉತ್ತರ ಕೊಡಲಾರದು. ಮಗುವಿನ ಅವ್ವನ ಜೊತೆ ಲಂಬಾಣಿಯಲ್ಲಿ ಹತ್ತು ನಿಮಿಷ ಮಾತಾಡಬಲ್ಲವರು ಕೊಡಬಲ್ಲರು. ಆ ಸೀಮೆಯ ಹುಡುಗಿಯೊಬ್ಬಳು ಈ ಪದವಿಗೆ ಸೇರಿದ್ದರೆ, ಅವಳ ಮೇಲ್ವಿಚಾರಕರು ‘ನಿನ್ನ ತಾಂಡಾದ ಮಕ್ಕಳ ಮೊದಲ ನೂರು ಮಾತುಗಳು ಯಾವುವು’ ಎಂಬ ಸಣ್ಣ ಅಧ್ಯಯನವನ್ನು ಅವಳಿಗೆ ಒಪ್ಪಿಸಿದ್ದರೆ, ಎಷ್ಟೋ ಮಕ್ಕಳು ‘ಮಾತು ಬೆಳೆದಿಲ್ಲ’ ಎಂಬ ತಪ್ಪು ಹಣೆಪಟ್ಟಿಯಿಂದ ಉಳಿಯುತ್ತಿದ್ದರು. ಕಲ್ಲು ಪಾಲಿಶ್ ಯಂತ್ರಗಳ ಸದ್ದಿನ ನಡುವೆ ದುಡಿಯುವ ಶಹಾಬಾದಿನವರ ಕಿವಿ, ಅರವತ್ತು ಮಕ್ಕಳ ಕೋಣೆಯಲ್ಲಿ ಕೂಗಿ ಕಲಿಸುವ ಶಾಲಾ ಶಿಕ್ಷಕಿಯರ ಗಂಟಲು, ಇವೂ ಈ ವಿದ್ಯೆಯ ವಿಷಯಗಳೇ.

ಈ ಧಾರೆಯ ಮಿತಿಯೆಂದರೆ ಅದಕ್ಕೆ ಸಂಸ್ಥೆ ಬೇಕು. ಪಕ್ಕದಲ್ಲಿ ನಿಲ್ಲುವ ಹಿರಿಯರೇ ಇಲ್ಲದ ಊರಿನಲ್ಲಿ ಯಾರ ಜೊತೆಗಿದ್ದು ಕಲಿಯುವುದು? ಕಲಬುರಗಿಯಿಂದ ಮೈಸೂರು ಆರುನೂರು ಕಿಲೋಮೀಟರಿಗೂ ಆಚೆ.

ಮನೆಯೇ ಕ್ಷೇತ್ರ

ಮೂರನೆಯ ಧಾರೆ ಈ ಕೊರತೆಯನ್ನೇ ಬಲವಾಗಿ ತಿರುಗಿಸುತ್ತದೆ. ಸಂಸ್ಥೆ ಇಲ್ಲದಿದ್ದರೆ ಇಲ್ಲ, ವಿದ್ಯಾರ್ಥಿಯ ಕಿವಿ ಇದೆ, ಊರು ಇದೆ. ಕನ್ನಡದಲ್ಲಿ ಇದಕ್ಕೆ ಸೈದ್ಧಾಂತಿಕ ಬೆನ್ನೆಲುಬು ಕೊಟ್ಟವರಲ್ಲಿ ಡಿ.ಎನ್. ಶಂಕರ ಭಟ್ ಮುಖ್ಯರು. 2000ದಲ್ಲಿ ಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ನೋಡುವ ರೂಢಿಯನ್ನು ಪ್ರಶ್ನಿಸಿತು. ಅವರ ಬರವಣಿಗೆಯ ಸುಧಾರಣೆಗಳನ್ನು ಒಪ್ಪದವರೂ ಈ ಒಂದನ್ನು ಒಪ್ಪಬೇಕು: ಪುಸ್ತಕದ ನಿಯಮವನ್ನು ಬದಿಗಿಟ್ಟು ಕಿವಿಗೆ ಕೇಳಿದ್ದನ್ನು ನಂಬು ಎಂದು ಅವರು ಒಂದು ತಲೆಮಾರಿಗೆ ಹೇಳಿಕೊಟ್ಟರು. ಕೆ.ವಿ. ನಾರಾಯಣ ಅವರ ಬರಹಗಳು ಭಾಷೆಯನ್ನು ಅಧಿಕಾರದ, ಸಾಮಾಜಿಕ ಅಂತರದ ಕಣ್ಣಿನಿಂದ ನೋಡುವುದನ್ನು ಕಲಿಸಿದವು.

ಸಾಮೂಹಿಕವಾಗಿ ಇದನ್ನು ಮಾಡಿ ತೋರಿಸಿದ್ದು ಗಣೇಶ ದೇವಿಯವರ ನೇತೃತ್ವದ ಭಾರತೀಯ ಜನಭಾಷಾ ಸಮೀಕ್ಷೆ. 2010ರಿಂದ ಮೂರು ವರ್ಷಗಳಲ್ಲಿ 780 ಭಾಷೆಗಳನ್ನು ಗುರುತಿಸಿದ ಆ ಕೆಲಸದಲ್ಲಿ ಭಾಷಾವಿಜ್ಞಾನಿಗಳಷ್ಟೇ ಅಲ್ಲ, ಶಾಲಾ ಶಿಕ್ಷಕರು, ಕಾರ್ಯಕರ್ತರು, ಆಯಾ ಭಾಷೆಯನ್ನಾಡುವ ಸಾಮಾನ್ಯರು ಇದ್ದರು. ಶಾಸ್ತ್ರದ ಬಿಗಿ ಸಾಲದೆಂದು ಪರಿಣತರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಸರ್ಕಾರದ ಪಟ್ಟಿ ಮುಚ್ಚಿಟ್ಟ ಭಾಷೆಗಳು ಆ ಸಂಪುಟಗಳಲ್ಲಿ ತಮ್ಮ ಹೆಸರಿನಲ್ಲೇ ನಿಂತವು.

ಈ ಧಾರೆಯಲ್ಲಿ ಗುರುವಿನ ಕೆಲಸ ಏನು ಎಂಬುದನ್ನು ಹತ್ತಿರದಿಂದ ನೋಡಬೇಕು. ‘ಇದೆ’ ಎಂಬ ಪುಸ್ತಕದ ರೂಪಕ್ಕೆ ಕಲಬುರಗಿಯ ಕಡೆ ‘ಅದ’ ಎನ್ನುತ್ತಾರೆ, ವಿಜಯಪುರದ ಕಡೆ ಹೋದಂತೆ ‘ಐತಿ’ ಕೇಳಿಸುತ್ತದೆ. ಸೇಡಂನ ವಿದ್ಯಾರ್ಥಿನಿಯೊಬ್ಬಳು ತನ್ನ ಓಣಿಯಲ್ಲಿ ಯಾರು ಯಾವಾಗ ಯಾವುದನ್ನು ಬಳಸುತ್ತಾರೆಂದು ನೋಡಲು ಹೊರಟಳೆನ್ನಿ. ಮೊಬೈಲು ಹಿಡಿದು ‘ಮುತ್ಯಾ, ನಿಮ್ಮ ಕಾಲದ್ದು ಏನರೆ ಹೇಳ್ರಿ’ ಎಂದ ಕೂಡಲೆ ಮುತ್ಯಾ ಗಂಟಲು ಸರಿಮಾಡಿಕೊಂಡು ಭಾಷಣದ ಕನ್ನಡದಲ್ಲಿ ‘ಇದೆ, ಇತ್ತು’ ಎಂದು ಶುರುಮಾಡುತ್ತಾರೆ. ಯಾರೂ ಗಮನಿಸದಿರುವಾಗ ಜನ ಹೇಗೆ ಮಾತಾಡುತ್ತಾರೆಂದು ಗಮನಿಸಿಯೇ ತಿಳಿಯಬೇಕಾದ ಈ ಇಕ್ಕಟ್ಟನ್ನು ಲಬೋವ್ ಬಹಳ ಹಿಂದೆಯೇ ಗುರುತಿಸಿದ್ದರು. ಸುಸಜ್ಜಿತ ಪ್ರಯೋಗಾಲಯದಿಂದ ಬಂದ ಪರಿಣತರಿಗೆ ಇದನ್ನು ದಾಟುವುದು ಕಷ್ಟ. ಮೊಮ್ಮಗಳಿಗೆ ಸುಲಭ. ಜೋಳ ಹಸನು ಮಾಡುತ್ತ, ಮಳೆಯ ಮಾತಾಡುತ್ತ, ಅರ್ಧ ತಾಸು ಕಳೆದರೆ ಮುತ್ಯಾನ ಬಾಯಲ್ಲಿ ‘ಅದ’ ತಾನಾಗಿ ಬರುತ್ತದೆ.

ಆಮೇಲೆ ಬರೆದಿಳಿಸುವ ಕೆಲಸ. ಹೊಸಬರಿಗೆ ಒಂದು ನಿಮಿಷದ ಮಾತಿಗೆ ಅರ್ಧ ತಾಸು, ಒಂದು ತಾಸು ಹಿಡಿಯುತ್ತದೆ. ಮುದ್ರಣದಲ್ಲಿ ಮುತ್ಯಾ ‘ಮಾಡ್ಲಕತ್ತೀನಿ’ ಎಂದಿರುತ್ತಾರೆ, ಹುಡುಗಿಯ ನೋಟ್‌ಬುಕ್ಕಿನಲ್ಲಿ ‘ಮಾಡುತ್ತಿದ್ದೇನೆ’ ಎಂದಿರುತ್ತದೆ. ಅವಳು ಸುಳ್ಳು ಬರೆದಿಲ್ಲ. ಹದಿಮೂರು ವರ್ಷದ ಶಾಲೆ ಅವಳ ಕೈಯನ್ನು ಹಾಗೆ ತಿದ್ದಿದೆ, ಕೇಳಿದ್ದು ಕೈಗೆ ಇಳಿಯುವಷ್ಟರಲ್ಲಿ ಶುದ್ಧವಾಗಿಬಿಡುತ್ತದೆ. ಗುರು ಆಗ ‘ತಪ್ಪು’ ಎಂದು ಕೆಂಪು ಗೆರೆ ಎಳೆದರೆ ಶಾಲೆಯನ್ನೇ ಮುಂದುವರಿಸಿದಂತೆ. ‘ಇನ್ನೊಮ್ಮೆ ಕೇಳವ್ವಾ, ಏನಂದ್ರು?’ ಎಂದು ಕಿವಿಗೆ ಇಯರ್‌ಫೋನು ಕೊಟ್ಟು ಕಾಯಬೇಕು. ಮೂರನೆಯ ಸಲ ಕೇಳಿ, ತಾನು ಮನೆಯಲ್ಲಿ ದಿನವೂ ಆಡುವ ಮಾತನ್ನು ಹಾಗೇ ಕಾಗದಕ್ಕೆ ಇಳಿಸಿದ ಕ್ಷಣ ಅವಳು ಸಂಶೋಧಕಿ. ನನ್ನ ಮಟ್ಟಿಗೆ ಇಡೀ ಚರ್ಚೆಯ ನಡುಗಂಬ ಇದು. ಇದಕ್ಕೆ ಬೇಕಾದದ್ದು ಒಂದು ಫೋನು, ವಾರಕ್ಕೆ ಒಂದು ತಾಸು ಬಿಡುವಿರುವ ಒಬ್ಬ ಅಧ್ಯಾಪಕ, ‘ನಿನ್ನ ಮಾತು ತಪ್ಪಲ್ಲ’ ಎಂಬ ಅವರ ನಂಬಿಕೆ.

ಹಾಗೆಂದು ಮನೆಯೇ ಕ್ಷೇತ್ರ ಎನ್ನುವವರು ಮರೆಯುವುದೂ ಒಂದಿದೆ. ಒಳಗಿನವರಿಗೆ ಕೆಲವು ಕಾಣುವುದೇ ಇಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಊರಿನಲ್ಲಿ ಶತಮಾನಗಳ ಕಾಲ ಬಾಳಿ ವಾಕ್ಯರಚನೆಯಲ್ಲಿ ಒಂದರ ಮೇಲೊಂದು ಕೂರುವಷ್ಟು ಹತ್ತಿರವಾಗಿವೆ ಎಂದು 1971ರಲ್ಲಿ ತೋರಿಸಿದವರು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್, ಇಬ್ಬರೂ ಹೊರಗಿನವರು. ಮುಂದೆ ಡೆಕ್ಕನ್ ಕಾಲೇಜಿನ ಸೋನಾಲ್ ಕುಲಕರ್ಣಿ–ಜೋಶಿ ಅದೇ ಊರಿಗೆ ಮರಳಿ ಹೋಗಿ ನಲವತ್ತು ವರ್ಷಗಳ ಬದಲಾವಣೆಯನ್ನು ದಾಖಲಿಸಿದರು. ವಾಡಿಯ ರೈಲ್ವೆ ಕ್ವಾರ್ಟರ್ಸ್ ಅಥವಾ ಸೇಡಂ ಗಡಿಯ ಹಳ್ಳಿಗಳಲ್ಲಿ ಇಂಥ ಕೂಡಿಕೆ ನಡೆದಿದೆಯೇ? ತೌಲನಿಕ ಕಣ್ಣಿಲ್ಲದೆ ಊರಿನ ಹುಡುಗನೊಬ್ಬನಿಗೆ ಅದು ಹೊಳೆಯುವುದು ಕಷ್ಟ. ಲಂಬಾಣಿಯ ವಿದ್ಯಾರ್ಥಿಗೆ 1970ರ ರೊನಾಲ್ಡ್ ಟ್ರೇಲ್ ಅವರ ಲಮಾಣಿ ವ್ಯಾಕರಣ ಇದೆಯೆಂದು ಯಾರಾದರೂ ಹೇಳದಿದ್ದರೆ ಅವನು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ಕಿವಿ ಒಳಗಿನದಾದರೂ ಕಣ್ಣಿಗೆ ಹೊರಗಿನ ಪುಸ್ತಕ ಬೇಕು.

ದತ್ತಾಂಶದ ಕೂಲಿ

ಈಚಿನ ವರ್ಷಗಳಲ್ಲಿ ನಾಲ್ಕನೆಯ ಶಕ್ತಿಯೊಂದು ಬಂದಿದೆ: ಯಂತ್ರಗಳಿಗೆ ಮಾತು ಕಲಿಸುವ ಯೋಜನೆಗಳು. 2022ರಲ್ಲಿ ಕೇಂದ್ರ ಸರ್ಕಾರದ ‘ಭಾಷಿಣಿ’ ಬಂತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುವ ‘ವಾಣಿ’ ಯೋಜನೆ ಆರಂಭಿಸಿತು. ಮದರಾಸು ಐಐಟಿಯ ‘ಎಐ4ಭಾರತ್’ ಕೂಡ ಇದೇ ದಾರಿಯಲ್ಲಿದೆ. ಗ್ರಿಯರ್ಸನ್ನನ ಕಾಲದಲ್ಲಿ ಬಿಟ್ಟುಹೋದ ಸೀಮೆಗಳ ಮಾತು ಈಗ ಗಂಟೆಗಟ್ಟಲೆ ದಾಖಲಾಗುವ ಅವಕಾಶ ಬಂದಿರುವುದು ಸಣ್ಣ ಸಂಗತಿಯಲ್ಲ. ರೈತನೊಬ್ಬ ತನ್ನ ಕನ್ನಡದಲ್ಲೇ ಫೋನಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯಬೇಕಾದರೆ ಇದು ಆಗಲೇಬೇಕು.

ಆದರೆ ಇಂಥ ಕೆಲಸ ಡಿಗ್ರಿ ವಿದ್ಯಾರ್ಥಿಯ ಬಳಿ ಬರುವುದು ಹೆಚ್ಚಾಗಿ ಆ್ಯಪಿನ ರೂಪದಲ್ಲಿ. ಚಿತ್ರ ನೋಡಿ ಮಾತಾಡು, ವಾಕ್ಯ ಓದು, ಕೇಳಿದ್ದನ್ನು ಟೈಪಿಸು, ನಿಮಿಷಕ್ಕಿಷ್ಟು ಹಣ. ಬಡ ಮನೆಯ ಮಕ್ಕಳಿಗೆ ಆ ಹಣ ಬೇಕು, ಅದನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಅದನ್ನೇ ಸಂಶೋಧನಾ ಅನುಭವವೆಂದು ಕರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಏಕೆ ಈ ಚಿತ್ರ, ಏಕೆ ಈ ವಾಕ್ಯ, ‘ಮಾಡ್ಲಕತ್ತೀನಿ’ಯನ್ನು ಹೇಗೆ ಬರೆಯಬೇಕೆಂದು ತೀರ್ಮಾನಿಸಿದವರು ಯಾರು ಎಂದು ಕೇಳುವ ಜಾಗ ಅಲ್ಲಿ ವಿದ್ಯಾರ್ಥಿಗೆ ಸಿಕ್ಕರೆ ಅದೇ ಕೆಲಸ ಶಿಕ್ಷಣವಾಗುತ್ತದೆ. ಡೆಕ್ಕನ್ ಕಾಲೇಜಿನ ಕಾಲದಲ್ಲಿ ಹಳ್ಳಿಯವನು ಮಾಹಿತಿದಾರನಾಗಿದ್ದ. ಈಗ ಅವನ ಮೊಮ್ಮಗಳು ಮಾಹಿತಿ ಸಂಗ್ರಾಹಕಿ. ಪ್ರಶ್ನೆ ಇಂದಿಗೂ ಬೇರೆ ಊರಿನಿಂದಲೇ ಬರುತ್ತಿದೆ.

ಮೂರು ವರ್ಷವೋ ನಾಲ್ಕು ವರ್ಷವೋ

ನೀತಿಯ ಮಟ್ಟದಲ್ಲಿ ಈ ಚರ್ಚೆ ಹಗ್ಗಜಗ್ಗಾಟದಲ್ಲಿದೆ. 2021–22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಜಾರಿಗೆ ತಂದಿತು. ಯುಜಿಸಿಯ 2022ರ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧ ಬರೆಯಬಹುದು. 2024ರಲ್ಲಿ ರಾಜ್ಯ ಸರ್ಕಾರ, ರಾಜ್ಯದ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಬಡವರ ಮಕ್ಕಳಿಗೆ ಇನ್ನೊಂದು ವರ್ಷದ ಹೊರೆ ಬೇಡವೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಅದರೊಂದಿಗೆ ಸಂಶೋಧನೆಗೆ ಮೀಸಲಾದ ಆ ಜಾಗವೂ ಹೋಯಿತು. ಶೇ 75ರ ಬೇಲಿಯೂ ನನಗೆ ಸರಿ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಪುಸ್ತಕದ ಕನ್ನಡ ಬರೆದು ಅಂಕ ಪಡೆದವರೇ ಆಡುಮಾತನ್ನು ಚೆನ್ನಾಗಿ ಕೇಳಬಲ್ಲರು ಎನ್ನುವುದಕ್ಕೆ ಆಧಾರವೇನು?

ಇತ್ಯರ್ಥವಾಗದೆ ಉಳಿದದ್ದು

ವಿದ್ಯಾರ್ಥಿಯ ಹೆಸರು ಎಲ್ಲಿ ಬರಬೇಕು ಎಂಬುದು ತೀರ್ಮಾನವಾಗಿಲ್ಲ. ವಿಜ್ಞಾನದ ಲೇಖನಗಳಲ್ಲಿ ಹತ್ತು ಹೆಸರು ಒಟ್ಟಿಗೆ ಬರುತ್ತವೆ. ನಮ್ಮ ಮಾನವಿಕಗಳಲ್ಲಿ ಒಬ್ಬರ ಹೆಸರು ಮುಖಪುಟದಲ್ಲಿ, ಉಳಿದವರು ಮುನ್ನುಡಿಯ ಕೃತಜ್ಞತೆಯಲ್ಲಿ. ಮಾತು ದಾಖಲಿಸಿ, ಬರೆದಿಳಿಸಿ, ಮೊದಲ ಊಹೆಯನ್ನೂ ಹೇಳಿದ ವಿದ್ಯಾರ್ಥಿ ಸಹಲೇಖಕಳೇ? ಮಾತು ಕೊಟ್ಟ ಮುತ್ಯಾ ಏನು?

ಪ್ರಬಂಧ ಯಾವ ಭಾಷೆಯಲ್ಲಿರಬೇಕು ಎಂಬುದೂ ಹಾಗೆಯೇ. ಇಂಗ್ಲಿಷಿನಲ್ಲಿ ಬರೆದರೆ ಹೊರಗಿನ ಜಗತ್ತು ಓದುತ್ತದೆ, ಊರು ಓದುವುದಿಲ್ಲ. ಕನ್ನಡದಲ್ಲಿ ಬರೆದರೆ ಪಾರಿಭಾಷಿಕ ಪದಗಳು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು. ಲಂಬಾಣಿಯ ಬಗ್ಗೆ ಲಂಬಾಣಿಯಲ್ಲೇ ಬರೆಯುವ ಮಾತು ಇನ್ನೂ ಶುರುವೇ ಆಗಿಲ್ಲ.

ಒಪ್ಪಿಗೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಮನುಷ್ಯರ ಮೇಲಿನ ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿ ಇದೆ. ಡಿಗ್ರಿ ಕಾಲೇಜಿನ ಹುಡುಗಿ ತನ್ನ ಸ್ವಂತ ಅಜ್ಜಿಯ ಮಾತನ್ನು ದಾಖಲಿಸುವಾಗ ಆ ಅಜ್ಜಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ನಿಜವಾಗಿ ಇದೆಯೇ? ಆ ಮಾತಿನಲ್ಲಿ ಮನೆಯ ಜಗಳ, ಪಕ್ಕದವರ ಹೆಸರು, ಜಾತಿಯ ನೋವು ಬಂದರೆ ಅದನ್ನು ಯಾರು ಕೇಳಬಹುದು, ಯಾರು ಕೇಳಬಾರದು? ಹೊರಗಿನ ಸಂಶೋಧಕರಿಗಾಗಿ ಬರೆದ ನಿಯಮಗಳು ಒಳಗಿನವರಿಗೆ ಅರ್ಧ ಮಾತ್ರ ಹೊಂದುತ್ತವೆ.

ಕ್ಲಿನಿಕ್ಕಿನ ಅಳತೆಗೋಲುಗಳನ್ನು ಸೀಮೆಸೀಮೆಗೆ ಬೇರೆ ಮಾಡಬೇಕೇ, ಅಥವಾ ಒಂದೇ ಅಳತೆಯಲ್ಲಿ ಒಳಭೇದಕ್ಕೆ ಜಾಗ ಕೊಡಬೇಕೇ ಎಂಬುದರಲ್ಲಿ ಪರಿಣತರಲ್ಲೇ ಒಮ್ಮತವಿಲ್ಲ. ಎರಡಕ್ಕೂ ಮೊದಲು ಬೇಕಾದದ್ದು ಇಲ್ಲಿನ ಮಕ್ಕಳ ಮಾತಿನ ದಾಖಲೆ.

ಕೊನೆಯದು ಕೆಲಸದ ವೇಳೆಯ ಪ್ರಶ್ನೆ. ಈ ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳಲ್ಲಿ, ರಾಜ್ಯದ ಉಳಿದೆಡೆಯಂತೆಯೇ, ಪಾಠದ ಬಹುಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರಿಗೆ ಮುಂದಿನ ವರ್ಷ ಅದೇ ಕಾಲೇಜು ಸಿಗುತ್ತದೆಂಬ ಭರವಸೆಯಿಲ್ಲ. ಮಾತಿನ ಬದಲಾವಣೆಯನ್ನು ತಿಳಿಯಲು ವರ್ಷಗಳು ಬೇಕು, ವಿದ್ಯಾರ್ಥಿಯ ಕಿವಿ ಪಳಗಲೂ ವರ್ಷ ಬೇಕು. ವಾರಕ್ಕೊಂದು ತಾಸು ಇಯರ್‌ಫೋನು ಹಂಚಿಕೊಂಡು ಕೂರುವ ಆ ಅಧ್ಯಾಪಕರ ತಾಸನ್ನು ಪಾಠದ ಅವಧಿಯೊಂದಿಗೆ ಎಣಿಸಬೇಕೇ, ಅದಕ್ಕೆ ಸಂಬಳ ಕೊಡಬೇಕೇ, ಅವರು ಕಾಲೇಜು ಬಿಟ್ಟು ಹೋದರೆ ವಿದ್ಯಾರ್ಥಿಗಳು ಮಾಡಿದ ಧ್ವನಿಮುದ್ರಣಗಳು ಕಾಲೇಜಿನಲ್ಲಿ ಯಾರ ಬೀರುವಿನಲ್ಲಿ ಉಳಿಯಬೇಕು ಎಂಬುದನ್ನು ಇಲಾಖೆಯೂ ವಿಶ್ವವಿದ್ಯಾಲಯವೂ ಇನ್ನಷ್ಟೇ ಕೂತು ತೀರ್ಮಾನಿಸಬೇಕಿದೆ.